ಕೈಮವಿಲ್ಲದ ಸಾರಿಗೆ ಜಾತಿ ಹಚ್ಚಬೇಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಾಂಸ ಉಣ್ಣುವ ಮನೆಯಲ್ಲಿ ಯಾರಾದರೂ ಕೈಮದ ಬದಲು ಹುರುಳಿಯನ್ನೋ ಎಳೆ ಹಲಸಿನಕಾಯಿಯನ್ನೋ ಸಾರಿಗೆ ಹಾಕಿದರೆ ಸಾಕು, ಊಟಕ್ಕೆ ಕೂತವರ ಬಾಯಲ್ಲಿ ಒಂದೇ ಮಾತು: 'ಇದೇನು, ಪುಳಿಚಾರು ಊಟ ಮಾಡಿಟ್ಟಿದೀರಿ?' ತಮಾಷೆಯ ಮಾತು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅದನ್ನು ಆಡುವವರು ಮನಸಾರೆ ನಂಬಿಯೇ ಆಡುತ್ತಾರೆ. ಕಾಳು, ಸೊಪ್ಪು, ಗೆಡ್ಡೆ ಇವೆಲ್ಲ ಮಾಂಸ ಮುಟ್ಟದವರ ಊಟ. ಮಾಂಸ ತಿನ್ನುವ ಮನೆಯಲ್ಲಿ ಅವು ಕೈಯಲ್ಲಿ ದುಡ್ಡಿಲ್ಲದ ದಿನ ಬೇಯುವಂಥವು. ಕೈಮ ತೆಗೆದು ಕಾಳು ಹಾಕುವವರು ಮೇಲ್ಜಾತಿಯವರಂತೆ ಕಾಣಿಸಿಕೊಳ್ಳಲು ಹೊರಟವರು ಎಂಬುದು ಆ ನಂಬಿಕೆ. ಈಗೀಗ ಓದಿದವರೂ ಇದನ್ನು ಹೇಳುತ್ತಾರೆ, ಸ್ವಲ್ಪ ದೊಡ್ಡ ಶಬ್ದಗಳಲ್ಲಿ. ಈ ನಂಬಿಕೆ ಸುಳ್ಳು. ಮಲೆನಾಡಿನ ಮಾಂಸಾಹಾರಿ ಮನೆಗಳು ತಮ್ಮದೇ ಅಡುಗೆಯ ದೊಡ್ಡ ಪಾಲನ್ನು ಇದರಿಂದಾಗಿ ಇನ್ನೊಬ್ಬರ ಹೆಸರಿಗೆ ಬಿಟ್ಟುಕೊಡುತ್ತಿವೆ ಎಂಬುದೇ ನನ್ನ ತಕರಾರು.

ಮಾಂಸ ತಿನ್ನುವುದು ಕೀಳು ಎನ್ನುವವರ ಜೊತೆ ನನಗೆ ಯಾವ ನಂಟೂ ಇಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶಾಲಾ ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಸೊರಗಿದ ಮಕ್ಕಳ ತಟ್ಟೆಯ ಮೊಟ್ಟೆಗೆ ಅಡ್ಡ ಬಂದ ಆ ವಿರೋಧ ಅನ್ಯಾಯದ್ದು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾದದ್ದು ಒಳ್ಳೆಯ ಕೆಲಸ. ಅದೇ ವರ್ಷದ ಕೊನೆಗೆ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟವೂ ಇರಲಿ ಎಂದು ಕೇಳಿದವರ ಬೇಡಿಕೆಯಲ್ಲಿ ನ್ಯಾಯವಿತ್ತು. ಎಲ್ಲರ ತೆರಿಗೆಯಲ್ಲಿ ನಡೆಯುವ ಪಂಕ್ತಿಯಲ್ಲಿ ಒಬ್ಬರ ಊಟವಷ್ಟೇ ಶುದ್ಧ ಎಂದು ತೀರ್ಮಾನಿಸುವ ಹಕ್ಕು ಯಾರಿಗೂ ಇಲ್ಲ.

ಪಂಕ್ತಿಯ ಹಕ್ಕಿಗಾಗಿ ಹುಟ್ಟಿದ ಆ ವಾದವನ್ನು ಮನೆಯ ಒಲೆಯ ಮುಂದೆ ತಂದು ನಿಲ್ಲಿಸಿದಾಗ ತೊಡಕು ಶುರುವಾಗುತ್ತದೆ. ಮಾಂಸವೂ ನಮ್ಮದು ಎಂಬ ಮಾತು ಮಾಂಸವೇ ನಮ್ಮದು ಎಂದಾಗುತ್ತದೆ. ಆಗ ಊಟದಲ್ಲಿ ಮಡಿ ಹುಡುಕುವವರು ಎಳೆದ ಗೆರೆಯನ್ನೇ ನಾವು ಒಪ್ಪಿಕೊಂಡ ಹಾಗಾಯಿತು. ಗೆರೆಯ ಆಚೆ ಸೊಪ್ಪು-ಕಾಳು, ಈಚೆ ಬಾಡು. ಎಳೆದವರು ಅವರು, ಕಾವಲು ನಿಂತವರು ನಾವು.

ಈ ಗೆರೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ಹಬ್ಬವೊಂದು ನಮ್ಮ ಗದ್ದೆಯ ಬದುವಿನಲ್ಲಿ ಪ್ರತಿವರ್ಷ ನಡೆಯುತ್ತದೆ. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಗದ್ದೆಯನ್ನು ಬಸುರಿ ಎಂದು ಕಂಡು ಬಯಕೆಯೂಟ ಇಕ್ಕುವ ಆ ದಿನ ಭೂಮಿ ಹುಣ್ಣಿಮೆ. ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕಾಡಂಚು, ಬೇಲಿ, ಹಿತ್ತಲು ಸುತ್ತಿ ತಂದ ಬಗೆಬಗೆಯ ಸೊಪ್ಪು, ಕುಡಿಗಳನ್ನು ಒಟ್ಟಿಗೆ ಬೇಯಿಸಿ ಚರಗ ಮಾಡುತ್ತಾರೆ. ರಾತ್ರಿಯೆಲ್ಲ ಅಡುಗೆ ನಡೆದು, ನಸುಕಿನಲ್ಲಿ ಕೂಗು ಹಾಕುತ್ತಾ ಅದನ್ನು ಗದ್ದೆಗೆ ಬೀರಿ ಬರುತ್ತಾರೆ. ಕೋಳಿ, ಮೀನು, ಕುರಿ ಯಾವುದಕ್ಕೂ ಮಡಿ ಮಾಡದ ರೈತರು ಇವರು. ಬಸುರಿ ಭೂಮಿಗೆ ಬಡಿಸಲು ಅವರು ಆರಿಸಿಕೊಂಡದ್ದು ಸೊಪ್ಪಿನ ಚರಗವನ್ನು. 1951ರಲ್ಲಿ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಮೋಸವನ್ನು ಪ್ರಶ್ನಿಸಿ ಒಡೆಯರ ಎದುರು ನಿಂತವರೂ ಇದೇ ದೀವರು. ಅವರ ಮನೆಯ ಸೊಪ್ಪಿನ ಅಡುಗೆಯನ್ನು ಮೇಲ್ಜಾತಿಯ ಅನುಕರಣೆ ಎಂದು ಕರೆಯುವ ಧೈರ್ಯ ಯಾರಿಗಿದೆ?

ಹಬ್ಬದ ಮಾತು ಬಿಟ್ಟು ದಿನದ ಅಡುಗೆಯನ್ನೇ ನೋಡಿ. ಮಳೆ ಹಿಡಿದ ಮೇಲೆ ಬಿದಿರು ಮೆಳೆಯಲ್ಲಿ ಕಳಲೆ ಏಳುತ್ತದೆ. ಅದನ್ನು ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಹೆಸರುಕಾಳಿನ ಜೊತೆ ಬೇಯಿಸುತ್ತಾರೆ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ವಸ್ತು ಇದೆ ಎಂದು ಪ್ರಯೋಗಾಲಯಗಳು ಹೇಳುವ ಎಷ್ಟೋ ಮೊದಲೇ ನೆನೆಸಿ ಚೆಲ್ಲುವ ಕ್ರಮ ನಮ್ಮ ಅಡುಗೆಮನೆಗೆ ಗೊತ್ತಿತ್ತು. ಹುತ್ತದ ಮೇಲೆ ಅಣಬೆ ಎದ್ದ ದಿನ ಮಸಾಲೆ ಅರೆಯುವುದು ಕೋಳಿಗೆ ಅರೆದ ಹಾಗೆಯೇ. ಕೆಸುವಿಗೆ ಹುಳಿ ಹಿಂಡದೆ ಬಾಯಿಗಿಟ್ಟರೆ ತುರಿಕೆ ಎಂಬುದು ಮಕ್ಕಳಿಗೂ ತಿಳಿದ ವಿಚಾರ. ಬೇಸಿಗೆಯಲ್ಲಿ ಉಳಿಸಿದ ಹಲಸಿನ ಬೀಜಕ್ಕೆ ಮಣ್ಣು ಮೆತ್ತಿ ಇಟ್ಟು ಆಷಾಢದ ಸಾರಿಗೆ ಹಾಕುತ್ತಿದ್ದರು. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಸೀಮೆ ಇದು. ಸಂತೆಗೆ ಹೋಗಲಾಗದ ಆ ತಿಂಗಳುಗಳಲ್ಲಿ ಒಕ್ಕಲಿಗರ ಮನೆಯನ್ನೂ ದೀವರ ಮನೆಯನ್ನೂ ಸಾಕಿದ್ದು ಈ ಅಡುಗೆ. ಬಸಳೆಗೆ ಒಣ ಸಿಗಡಿ, ಬದನೆಗೆ ಒಣಮೀನು ಬೆರೆಸುತ್ತಿದ್ದ ಕೈಗಳೇ ಮರುದಿನ ಬರಿಯ ಹುರುಳಿ ಸಾರನ್ನೂ ಮಾಡುತ್ತಿದ್ದವು. ಜಾತಿಯ ಪ್ರಶ್ನೆ ಅಲ್ಲಿ ಏಳಲೇ ಇಲ್ಲ.

ಹಾಗಾದರೆ ಮಲೆನಾಡಿಗ ಎಂದರೆ ಬಾಡು ಎಂಬ ಚಿತ್ರ ಬಂದದ್ದು ಎಲ್ಲಿಂದ? ಒಂದಷ್ಟು ಪಾಲು ನಮ್ಮ ದೊಡ್ಡ ಕಾದಂಬರಿಗಳನ್ನು ಓದಿದ ರೀತಿಯಿಂದ ಬಂತು. 'ಕಾನೂರು ಹೆಗ್ಗಡಿತಿ', 'ಮಲೆಗಳಲ್ಲಿ ಮದುಮಗಳು' ಓದಿ ಮುಗಿಸಿದವರ ನೆನಪಿನಲ್ಲಿ ಬೇಟೆ, ಕಳ್ಳು, ಹಂದಿಯ ಮಾಂಸ ಉಳಿಯುತ್ತವೆ. ಕುಪ್ಪಳ್ಳಿಯ ಕವಿಮನೆ ನೋಡಿ, ಕವಿಶೈಲದಿಂದ ಇಳಿದು ಬರುವ ಪ್ರವಾಸಿಗರು ಆ ನೆನಪನ್ನೇ ತಟ್ಟೆಯಲ್ಲಿ ಹುಡುಕುತ್ತಾರೆ. ಬೇಟೆಗೆ ಕಾದಂಬರಿಯಲ್ಲಿ ಪುಟಗಟ್ಟಲೆ ಜಾಗ ಸಿಗುವುದು ಅದು ದಿನವೂ ನಡೆಯುವಂಥದ್ದಲ್ಲ ಎಂಬ ಕಾರಣಕ್ಕೆ. ಗಂಜಿಯೂ ಕಾಳಿನ ಸಾರೂ ಪ್ರತಿ ಮಧ್ಯಾಹ್ನ ಬೇಯುವಂಥವು, ಅವುಗಳ ಮೇಲೆ ಅಧ್ಯಾಯ ಬರೆಯುವ ಅಗತ್ಯ ಯಾವ ಕಾದಂಬರಿಕಾರರಿಗೂ ಬೀಳಲಿಲ್ಲ. ಅಪರೂಪದ ದಿನವನ್ನು ನಾವು ನಿತ್ಯದ ದಿನ ಎಂದು ಓದಿಕೊಂಡೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಗೆ ಕಡಿವಾಣ ಬಿತ್ತು. ಬ್ರಾಯ್ಲರ್ ಕೋಳಿಯೂ ಬಯಲುಸೀಮೆಯಿಂದ ಲಾರಿಯಲ್ಲಿ ಬರುವ ಕುರಿಯೂ ಆ ಜಾಗಕ್ಕೆ ಬಂದವು. ಪೇಟೆಯ ಅಂಗಡಿಯಲ್ಲಿ ಮೆಷಿನ್ನಿಗೆ ಕೊಟ್ಟು ತರುವ ಕೈಮವನ್ನು ಶಿಕಾರಿಯ ಪರಂಪರೆ ಎಂದು ಹೇಳಿಕೊಳ್ಳುವುದು ಚರಿತ್ರೆಗೆ ಮಾಡುವ ಅವಮಾನ.

ತೀರ್ಥಹಳ್ಳಿ ತಾಲ್ಲೂಕಿನ ಇನ್ನೊಂದು ಕಾದಂಬರಿಯೂ ಈ ವಾದದೊಳಗೆ ಬಂದು ಕೂತಿದೆ. ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ನಾರಣಪ್ಪ ಅಗ್ರಹಾರವನ್ನು ಧಿಕ್ಕರಿಸಲೆಂದೇ ಮಾಂಸ ತಿನ್ನುತ್ತಾನೆ, ದೇವರ ಕೊಳದ ಮೀನು ಹಿಡಿಸುತ್ತಾನೆ. ಅವನಿಗೆ ಅದು ಬಂಡಾಯ, ಸರಿ. ಅವನ ಸುತ್ತ ನಿಷೇಧ ಇತ್ತು. ಎಂದೂ ಅಂಥ ನಿಷೇಧ ಇಲ್ಲದ ಮನೆಯಲ್ಲಿ ಕೈಮ ತಿಂದು ಯಾರನ್ನು ಧಿಕ್ಕರಿಸಬೇಕಾಗಿದೆ? ಅಗ್ರಹಾರದ ಜಗಳದ ಅರ್ಥವನ್ನು ಶೂದ್ರರ ಒಲೆಗೆ ತಂದು ಹಚ್ಚಿ, ಕಾಳು ಬೇಯಿಸಿದ ಹೆಂಗಸನ್ನು ಸೋತವಳಂತೆ ನೋಡುವುದು ವಿಚಾರವಂತರು ಮಾಡುವ ಕೆಲಸವಲ್ಲ.

ಕಾಳಿನ ಬಗ್ಗೆ ವಾದಿಸುವಾಗ ನಾನು ಕೈಮವನ್ನೇ ಹಿಡಿದು ಮಾತಾಡುವುದಕ್ಕೆ ಕಾರಣವಿದೆ. ಮೂಳೆ ಸಮೇತ ಬೆಂದ ಮಾಂಸದ ಸಾರನ್ನು ಯಾವ ಕಾಳಿನಿಂದಲೂ ಕಟ್ಟಲು ಬರುವುದಿಲ್ಲ. ಅದರ ಜಾಗ ಅದಕ್ಕೆ ಇರಲಿ. ಕೈಮದ ಕಥೆ ಬೇರೆ. ಅರೆದ ಮೇಲೆ ಮಾಂಸಕ್ಕೆ ತನ್ನ ಎಳೆಯೂ ಇಲ್ಲ, ಮೂಳೆಯೂ ಇಲ್ಲ. ಅದನ್ನು ಹೊತ್ತು ನಿಲ್ಲಿಸುವುದು ಮಸಾಲೆ. ಕೈಮ ಉಂಡೆ ಕಟ್ಟುವವರನ್ನು ಕೇಳಿ: ಹುರಿಗಡಲೆ ಹಿಟ್ಟು ಹಾಕದಿದ್ದರೆ ಉಂಡೆ ಸಾರಿನಲ್ಲಿ ಒಡೆದು ಹೋಗುತ್ತದೆ. ತೆಂಗಿನ ತುರಿ, ಚಕ್ಕೆ, ಲವಂಗ, ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಎಲ್ಲ ಸೇರಿದ ಮೇಲೆ ಅದು ಆಗಲೇ ಅರ್ಧ ಕಾಳು-ಕಾಯಿಯ ಪದಾರ್ಥ. ಹಳೇ ಮೈಸೂರಿನ ಕಡೆ ಮಾಡುವ ನುಚ್ಚಿನುಂಡೆ ಇದೇ ಕೈಚಳಕ, ಒಳಗಿನ ವಸ್ತು ಮಾತ್ರ ಬೇಳೆ. ಅವರೆಕಾಳಿನ ಜೊತೆ ಕೈಮ ಬೆರೆಸಿ ಸಾರು ಮಾಡುವುದೂ ಅಲ್ಲಿ ರೂಢಿಯಲ್ಲಿದೆ. ಒಂದೇ ದಿನಕ್ಕೆ ಪೂರ್ತಿ ಬದಲಿಸಲು ಮನಸ್ಸಾಗದವರು ಈ ಬೆರಕೆಯಿಂದ ಶುರುಮಾಡಿದರೆ ಯಾವ ತಪ್ಪೂ ಇಲ್ಲ.

ರುಚಿ ಬರಲಿಲ್ಲ ಎಂದು ದೂರುವವರು ಸಾಮಾನ್ಯವಾಗಿ ಬೇಯಿಸಿದ ಕ್ರಮ ತಪ್ಪಿರುತ್ತದೆ. ಹುರುಳಿಯನ್ನು ರಾತ್ರಿ ನೆನೆಸಿ, ಕಾಳು ಒಡೆಯುವ ಮುಂಚೆ ಇಳಿಸಿ, ಕಟ್ಟನ್ನು ಬಸಿದು ಸಾರಿಗೆ ಇಟ್ಟುಕೊಳ್ಳಬೇಕು. ಕಾಳನ್ನು ಒರಳಿನಲ್ಲಿ ಒರಟಾಗಿ ಕುಟ್ಟಬೇಕು, ನುಣ್ಣಗಾದರೆ ಅದು ಅಂಟು ಮುದ್ದೆ. ಕುರಿಯ ಕೈಮ ತನ್ನ ಕೊಬ್ಬನ್ನು ತಾನೇ ಬಿಡುತ್ತದೆ, ಕಾಳಿಗೆ ಆ ಕೊಬ್ಬಿಲ್ಲ. ಹಾಗಾಗಿ ಎಣ್ಣೆ ಸ್ವಲ್ಪ ಧಾರಾಳವಾಗಿ ಬಿಟ್ಟು, ಈರುಳ್ಳಿಯನ್ನು ಕೆಂಪಗಾಗುವ ತನಕ ಹುರಿದು, ಕುಟ್ಟಿದ ಕಾಳನ್ನು ತಳ ಹಿಡಿಯುವ ಹಂತದವರೆಗೆ ಬಾಡಿಸಬೇಕು. ಕಾಳುಮೆಣಸಿನಲ್ಲಿ ಜಿಪುಣತನ ಕೂಡದು. ಕೊನೆಗೆ ಹುಳಿ: ಹಂದಿಗೆ ಹಾಕುವ ಉಪ್ಪಾಗೆಯೋ ವಾಟೆಹುಳಿಯೋ ಇಲ್ಲಿಯೂ ನಡೆಯುತ್ತದೆ. ಬೇಳೆಯ ಉಂಡೆಯಾದರೆ ಕಡಲೆಬೇಳೆ, ತೊಗರಿಬೇಳೆ ನೆನೆಸಿ, ನೀರು ಸೋಕಿಸದೆ ತರಿತರಿಯಾಗಿ ಅರೆದು, ಕಡುಬಿನ ಪಾತ್ರೆಯಲ್ಲಿ ಹಬೆಗಿಟ್ಟು ಆಮೇಲೆ ಕುದಿವ ಸಾರಿಗೆ ಬಿಡಬೇಕು. ಬೆಳ್ಳುಳ್ಳಿ, ಚಕ್ಕೆ, ಹುರಿದ ಕೊಬ್ಬರಿಯ ಈ ಸಾರಿನಲ್ಲಿ ಮಡಿಯ ಅಡುಗೆಯ ವಾಸನೆ ಎಲ್ಲಿದೆ, ತೋರಿಸಲಿ.

ಇನ್ನು ಶಕ್ತಿಯ ಪ್ರಶ್ನೆ. ತೋಟದಲ್ಲಿ ಗೆಯ್ಯುವ ಮೈಗೆ ಕಾಳು ಸಾಲುತ್ತದೆಯೇ ಎಂದು ಕೇಳುವುದು ನ್ಯಾಯ, ಉತ್ತರವನ್ನೂ ಲೆಕ್ಕದಲ್ಲೇ ಹೇಳಬೇಕು. ಅರ್ಧ ಕಿಲೋ ಕುರಿ ಕೈಮದಲ್ಲಿ ಸುಮಾರು 90ರಿಂದ 100 ಗ್ರಾಂ ಪ್ರೊಟೀನ್ ಇರುತ್ತದೆ. ಒಣ ಹುರುಳಿಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ. ಅಂದರೆ ಆ ಕೈಮಕ್ಕೆ ಸಮನಾಗಲು ಒಣಕಾಳು 400 ಗ್ರಾಮಿಗಿಂತ ಹೆಚ್ಚೇ ಬೇಕು. ಒಂದು ಹಿಡಿ ಕಾಳು ತೇಲಿಸಿದ ನೀರುಸಾರನ್ನು ಬದಲಿ ಎಂದು ಕರೆದರೆ ಅದು ಮೋಸ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕಿಲೋಕ್ಯಾಲೊರಿಯ ದಿನದ ಊಟಕ್ಕೆ ಕಾಳು, ಮೊಟ್ಟೆ, ಮಾಂಸ ಸೇರಿದ ಗುಂಪಿನಿಂದ 85 ಗ್ರಾಂ ಇಟ್ಟಿದೆ. ನಾಲ್ಕು ಜನರ ಮನೆಗೆ ದಿನಕ್ಕೆ 340 ಗ್ರಾಂ ಆಯಿತು. ಬೆಳಗಿನ ರೊಟ್ಟಿಗೆ ಕಾಳಿನ ಪಲ್ಯ, ರಾತ್ರಿ ಕಡುಬಿಗೆ ಕಟ್ಟಿನ ಸಾರು ಎಂದು ಹಂಚಿಕೊಂಡರೆ ಅಷ್ಟು ಕಾಳು ಹೊಟ್ಟೆಗೆ ಭಾರವಲ್ಲ. ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಲ್ಲಿ ಹೆಚ್ಚಿದೆ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಅಕ್ಕಿಯಲ್ಲಿದೆ. ಅಕ್ಕಿ ಕಡುಬಿಗೆ ಕಾಳಿನ ಸಾರು ಎಂಬ ಜೋಡಿ ಅದಕ್ಕೇ ನಿಂತಿದೆ. ಮಾಂಸದಲ್ಲಿ ನಾರು ಎಂಬುದೇ ಇಲ್ಲ, ಕಾಳಿನಲ್ಲಿ ಧಾರಾಳ. ಮಧುಮೇಹ, ರಕ್ತದೊತ್ತಡ ಮನೆ ಮನೆ ಹೊಕ್ಕಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇಲ್ಲಿ ಹಲಸಿನವರಿಗೂ ಒಂದು ಮಾತು ಹೇಳಬೇಕು. ಎಳೆ ಹಲಸಿನಕಾಯಿ ಬಾಯಿಗೆ ಮಾಂಸದಂತೆ ಸಿಗುತ್ತದೆ ಎಂದು ಅದನ್ನೇ ಮಾಂಸದ ಬದಲಿ ಎಂದು ಸಾರುವವರು ಹೆಚ್ಚಾಗಿದ್ದಾರೆ. ಅದರಲ್ಲಿ ಪ್ರೊಟೀನ್ ತೀರಾ ಕಡಿಮೆ, ಅಣಬೆಯಲ್ಲೂ ಕಳಲೆಯಲ್ಲೂ ಅಷ್ಟೇ. ಅವು ಎಳೆ ಕೊಡುತ್ತವೆ, ರುಚಿ ಹೀರುತ್ತವೆ, ಹೊಟ್ಟೆ ತುಂಬಿಸುತ್ತವೆ. ಜೊತೆಗೆ ಕಾಳು ಇರಲೇಬೇಕು. ಕಳಲೆಗೆ ಹೆಸರುಕಾಳು ಸೇರಿಸುತ್ತಿದ್ದವರಿಗೆ ಇದು ಗೊತ್ತಿದ್ದೇ ಹಾಗೆ ಮಾಡಿದರೋ ಏನೋ, ಮಾಡಿದ್ದಂತೂ ಸರಿಯಾಗಿತ್ತು.

ಎದುರಿನವರ ಕೈಯಲ್ಲಿರುವ ಅತಿ ಗಟ್ಟಿ ವಾದ ರಕ್ತಹೀನತೆಯದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತ ಕಡಿಮೆ. ಮಾಂಸದ ಕಬ್ಬಿಣ ಮೈಗೆ ಸುಲಭವಾಗಿ ಹತ್ತುತ್ತದೆ, ಕಾಳು-ಸೊಪ್ಪಿನದು ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಬಿ12 ಜೀವಸತ್ವವಂತೂ ಸಸ್ಯಗಳಲ್ಲಿ ಸಿಗುವುದೇ ಇಲ್ಲ. ಇಂಥ ನಾಡಿನಲ್ಲಿ ಮಾಂಸ ತೆಗೆಸುತ್ತೀರಾ ಎಂದು ಅವರು ಕೇಳುತ್ತಾರೆ. ಹಾಗಾದರೆ ಆ ಕೈಮ ಯಾರ ಹೊಟ್ಟೆ ಸೇರುತ್ತಿದೆ ಎಂದು ನಾನು ಕೇಳುತ್ತೇನೆ. ಕೈಮ ಉಂಡೆ ಎಣಿಸಿ ಬಡಿಸುವ ಪದಾರ್ಥ. ಗಂಡಸರಿಗೆ ಮೂರು, ಮಕ್ಕಳಿಗೆ ಎರಡು, ನೆಂಟರು ಬಂದರೆ ಅವರಿಗೆ ಮೊದಲು. ಕೊನೆಗೆ ಊಟಕ್ಕೆ ಕೂರುವ ಹೆಂಗಸಿಗೆ ಉಳಿಯುವುದು ಸಾರು ಮತ್ತು ತಳದ ಪುಡಿ. ರಕ್ತ ಬೇಕಾದವಳ ಹೆಸರು ಹೇಳಿ ತಂದ ಮಾಂಸ ಅವಳ ತಟ್ಟೆಗೆ ಬರುವುದೇ ಇಲ್ಲ. ಕಾಳಿನ ಪಾತ್ರೆಯ ಮುಂದೆ ಯಾರೂ ಎಣಿಸುವುದಿಲ್ಲ, ಅಲ್ಲಿ ಎರಡನೇ ಸಲ ಬಡಿಸಿಕೊಳ್ಳಲು ಸೊಸೆಯೂ ಹಿಂಜರಿಯುವುದಿಲ್ಲ. ಅದರ ಜೊತೆ ನಿಂಬೆ, ನೆಲ್ಲಿ, ಹಸಿ ಟೊಮೆಟೊ ಇದ್ದರೆ ಕಬ್ಬಿಣ ಹತ್ತುವುದು ಹೆಚ್ಚುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಕುಗ್ಗುತ್ತದೆ. ಮೊಟ್ಟೆ, ಮೀನು, ಹಾಲು ಮನೆಯಲ್ಲಿ ಇರಲಿ, ಬಿ12ಕ್ಕೆ ಅವೇ ದಾರಿ. ಬಸುರಿ ಬಾಣಂತಿಯರಿಗೆ, ಎಳೆಯ ಮಕ್ಕಳಿಗೆ ಅವು ಮೊದಲು ಸಲ್ಲಲಿ. ವಾರದ ನಡುವಿನ ಕೈಮದ ದುಡ್ಡು ಉಳಿದರೆ ಅದೇ ದುಡ್ಡಿನಲ್ಲಿ ಇಡೀ ಮನೆಗೆ ಮೊಟ್ಟೆ ಬರುತ್ತದೆ.

ಕಾಳಿನ ಅಡುಗೆಗೆ ಕೆಲಸ ಹೆಚ್ಚು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನೆನೆಸಬೇಕು, ಮೊಳಕೆ ಕಟ್ಟಬೇಕು, ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನ ಮೇಣದ ಜೊತೆ ಗುದ್ದಾಡಬೇಕು. ಅದೆಲ್ಲ ಹೆಂಗಸಿನ ಮೇಲೇ ಬೀಳುವುದಾದರೆ ಈ ಬದಲಾವಣೆ ಬೇಡ ಎಂದು ಅವಳು ಹೇಳುವುದರಲ್ಲಿ ಅರ್ಥವಿದೆ. ಭಾನುವಾರ ಹಿತ್ತಲಲ್ಲಿ ಒಲೆ ಹೂಡಿ, ಮಾಂಸ ಕೊಯ್ದು, ಮಸಾಲೆ ಬಾಡಿಸಿ, ರುಚಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಗಂಡಸರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಅದೇ ಕತ್ತಿಯಲ್ಲಿ ಅವರು ವಾರದ ನಡುವೆ ಹಲಸು ಹೆಚ್ಚಿಕೊಡಲಿ. ಸಸ್ಯದ ಅಡುಗೆ ಹೆಣ್ಣಿನದು, ಬಾಡಿನ ಅಡುಗೆ ಗಂಡಿನದು ಎಂಬ ಹಂಚಿಕೆಯೇ ಕಾಳಿನ ಬೆಲೆಯನ್ನು ಇಳಿಸಿದ ದೊಡ್ಡ ಕಾರಣ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಕಾರಣ ಗದ್ದೆಯಲ್ಲಿದೆ. ಭತ್ತ ಕೊಯ್ದ ಮೇಲೆ ನೆಲದ ಪಸೆಯಲ್ಲೇ ಹುರುಳಿ, ಹೆಸರು, ಉದ್ದು ಬಿತ್ತುತ್ತಿದ್ದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾದವು. ಮನೆಯ ಕಣಜದಲ್ಲಿದ್ದ ಕಾಳು ಅಂಗಡಿಯ ಪೊಟ್ಟಣಕ್ಕೆ ಹೋಯಿತು. ಅಡಿಕೆಯ ದುಡ್ಡು ಬಂದ ಮೇಲೆ ಕಾಳು ತಿನ್ನುವುದು ಬಡತನದ ಕಾಲದ ಗುರುತಾಯಿತು, ಕೈಮ ಉಳ್ಳವರ ಗುರುತಾಯಿತು. ಜಾತಿಯ ಮಾತಿನ ಕೆಳಗೆ ಈ ದುಡ್ಡಿನ ಮಾತು ಅಡಗಿದೆ. ಬಡತನದಲ್ಲಿ ತಾಯಿ ಮಾಡಿ ಹಾಕಿದ ಸಾರಿನ ಬಗ್ಗೆ ನಾಚಿಕೆಪಡುವವರು ಅದಕ್ಕೆ ಪುಳಿಚಾರು ಎಂಬ ಹೆಸರಿಟ್ಟು ಆ ನಾಚಿಕೆಯನ್ನು ಮುಚ್ಚಿಕೊಳ್ಳುತ್ತಿದ್ದಾರೆ.

ಪೇಟೆಯವರು ಸೂಚಿಸುವ ದಾರಿ ಕಾರ್ಖಾನೆಯದು. ಸೋಯಾದಿಂದ ಎಣ್ಣೆ ಹಿಂಡಿ ಉಳಿದ ಹಿಟ್ಟನ್ನು ಒತ್ತಿ ಮಾಡಿದ ಉಂಡೆಗಳು, ಮಾಂಸದ ಬಣ್ಣ ವಾಸನೆ ಕಟ್ಟಿದ ದುಬಾರಿ ಪೊಟ್ಟಣಗಳು. ಸೋಯಾ ಉಂಡೆಯಲ್ಲಿ ಪ್ರೊಟೀನ್ ಇದೆ, ಅವಸರದ ದಿನ ಬಳಸಿದರೆ ಕೇಡಿಲ್ಲ. ಆದರೆ ಹುರುಳಿ, ಅವರೆ, ಅಲಸಂದೆ ಬೆಳೆಯುವ ನೆಲದಲ್ಲಿ ಕೂತು ಮಾಂಸದ ವೇಷ ತೊಟ್ಟ ಪೊಟ್ಟಣಕ್ಕೆ ಕಾಯುವುದೂ ಅದೇ ನಂಬಿಕೆಯ ಇನ್ನೊಂದು ಮುಖ. ಕಾಳು ಕಾಳಾಗಿಯೇ ಊಟದ ನಡುವೆ ಕೂರಲು ಯೋಗ್ಯವಲ್ಲ, ಮಾಂಸದಂತೆ ನಟಿಸಿದರಷ್ಟೇ ಅದಕ್ಕೆ ಜಾಗ ಎಂದು ಅದೂ ಒಪ್ಪಿಕೊಳ್ಳುತ್ತದೆ.

ಹಿರಿಯರ ಎಡೆಗೆ ಬಾಡು ಇರಲಿ, ಮದುವೆಯ ಬೀಗರೂಟ ನಡೆಯಲಿ, ಭಾನುವಾರದ ಕೋಳಿಗೂ ನನ್ನ ಅಡ್ಡಿಯಿಲ್ಲ. ಉಳಿದ ದಿನಗಳ ಕೈಮದ ಜಾಗವನ್ನು ಕಾಳಿಗೆ ಬಿಟ್ಟುಕೊಡುವವರನ್ನು ಹೀಯಾಳಿಸುವುದು ನಿಲ್ಲಬೇಕು. ಕುಪ್ಪಳ್ಳಿಯ ದಾರಿಯಲ್ಲಿ ಮಲೆನಾಡಿನ ಊಟ ಎಂದು ಬೋರ್ಡು ಹಾಕುವವರಿಗೂ ನನ್ನದೊಂದು ಕೇಳಿಕೆ ಇದೆ. ಕೋಳಿಸಾರು, ಹಂದಿ ಹುರುಕಲು ಬರೆದ ಸಾಲಿನಲ್ಲೇ ಹುರುಳಿ ಕಟ್ಟಿನ ಸಾರು, ಕಳಲೆ-ಹೆಸರುಕಾಳು, ಹಲಸಿನ ಬೀಜದ ಸಾರನ್ನೂ ಬರೆಯಿರಿ. ಶುದ್ಧ ಸಸ್ಯಾಹಾರ ಎಂಬ ತಲೆಬರಹದ ಕೆಳಗೆ ಬೇರೆ ಪಟ್ಟಿ ಮಾಡಬೇಡಿ.